ಕೋಷ್ಟಕ ಮತ್ತು ಶ್ರವಣ: ಜಾಲಪುಟದ ವಿಭಕ್ತಿ ಪ್ರತ್ಯಯ ಕೋಷ್ಟಕವನ್ನು ಕುರಿತು ಒಂದು ವಿವೇಚನೆ

ಕನ್ನಡ ವ್ಯಾಕರಣದ ಬೋಧನೆಯಲ್ಲಿ ಕೋಷ್ಟಕಕ್ಕೆ ವಿಶಿಷ್ಟ ಸ್ಥಾನವಿದೆ. ವಿಭಕ್ತಿ ಪ್ರತ್ಯಯ, ಆಖ್ಯಾತ ಪ್ರತ್ಯಯ, ಮಾತ್ರಾಗಣ ಮೊದಲಾದವು ಅಡ್ಡಸಾಲು ಮತ್ತು ಕಂಬಸಾಲುಗಳ ಚೌಕಟ್ಟಿನಲ್ಲಿಯೇ ವಿದ್ಯಾರ್ಥಿಗೆ ಪರಿಚಯವಾಗುತ್ತವೆ. ಇಂತಹ ಪಾಠಗಳು ಜಾಲಪುಟಗಳನ್ನು ಸೇರಿದ ಮೇಲೆ ಅವುಗಳನ್ನು ಕಿವಿಯಿಂದ ಓದುವ ಅಂಧ ವಿದ್ಯಾರ್ಥಿಗಳೂ ಇದ್ದಾರೆ. ಪರದೆಯ ಮೇಲಿನ ಬರಹವನ್ನು ಧ್ವನಿಯಾಗಿಯೋ ಬ್ರೈಲ್ ಆಗಿಯೋ ಒದಗಿಸುವ ಸ್ಕ್ರೀನ್ ರೀಡರ್ ತಂತ್ರಾಂಶ ಅವರ ಓದಿನ ಸಾಧನ. ಕೋಷ್ಟಕವು ಈ ಸಾಧನದ ಮೂಲಕ ಅರ್ಥಪೂರ್ಣವಾಗಿ ದಾಟಬೇಕಾದರೆ ಪಾಠವನ್ನು ಸಿದ್ಧಪಡಿಸುವವರು ಅನುಸರಿಸಬೇಕಾದ ಕ್ರಮವೇನು ಎಂಬುದು ಇಲ್ಲಿನ ಚರ್ಚೆಯ ವಿಷಯ.

1. ಸಮಸ್ಯೆಯ ಸ್ವರೂಪ

ವಿಭಕ್ತಿ, ಹಳಗನ್ನಡ ಪ್ರತ್ಯಯ, ಹೊಸಗನ್ನಡ ಪ್ರತ್ಯಯ ಎಂಬ ಮೂರು ಕಂಬಸಾಲುಗಳ ಕೋಷ್ಟಕವೊಂದನ್ನು ಗಮನಿಸಬಹುದು. ತೃತೀಯಾ ವಿಭಕ್ತಿಯ ಸಾಲಿನಲ್ಲಿ ‘ಇಂ’, ‘ಇಂದ’. ಸಪ್ತಮಿಯ ಸಾಲಿನಲ್ಲಿ ‘ಒಳ್’, ‘ಅಲ್ಲಿ’. ಷಷ್ಠಿಯ ಸಾಲಿನಲ್ಲಿ ಎರಡೂ ಕಡೆ ‘ಅ’. ದೃಷ್ಟಿಯುಳ್ಳ ಓದುಗನು ಒಂದು ಮನೆಯನ್ನು ನೋಡಿದೊಡನೆ ಅದರ ಮೇಲಿನ ಮತ್ತು ಎಡಗಡೆಯ ಶೀರ್ಷಿಕೆಗಳನ್ನು ತನಗರಿವಿಲ್ಲದೆಯೇ ಜೋಡಿಸಿಕೊಳ್ಳುತ್ತಾನೆ. ಕೇಳುವವನಿಗೆ ಆ ಜೋಡಣೆ ತಾನಾಗಿ ದೊರೆಯುವುದಿಲ್ಲ. ಶೀರ್ಷಿಕೆಗಳನ್ನು ದಪ್ಪ ಅಕ್ಷರದಿಂದ ಮಾತ್ರ ಸೂಚಿಸಿದ್ದರೆ, ಮೂರನೆಯ ಕಂಬಸಾಲಿನಲ್ಲಿ ಕೆಳಗಿಳಿಯುವ ವಿದ್ಯಾರ್ಥಿಗೆ ‘ದೆಸೆಯಿಂದ’, ‘ಅ’, ‘ಅಲ್ಲಿ’ ಎಂಬ ಬಿಡಿ ಧ್ವನಿಗಳಷ್ಟೇ ಕೇಳುತ್ತವೆ. ಯಾವುದು ಯಾವ ವಿಭಕ್ತಿಯದು ಎಂಬುದು ತಿಳಿಯದು. ಕೋಷ್ಟಕದ ಅರ್ಥವಿರುವುದು ಮನೆಯೊಳಗಿನ ಪದದಲ್ಲಿ ಮಾತ್ರವಲ್ಲ. ಆ ಪದಕ್ಕೂ ಶೀರ್ಷಿಕೆಗಳಿಗೂ ಇರುವ ಸಂಬಂಧದಲ್ಲಿ. ಸಂಬಂಧ ಕಳಚಿದಾಗ ಉಂಟಾಗುವ ಗೊಂದಲವನ್ನು ವಿದ್ಯಾರ್ಥಿಯ ಗ್ರಹಣಶಕ್ತಿಯ ಕೊರತೆಯೆಂದು ಬಗೆಯುವ ಅಪಾಯವೂ ಉಂಟು.

2. ಪರಿಹಾರದ ಮಾರ್ಗ

ಜಾಲಪುಟಗಳನ್ನು ರಚಿಸುವ ಎಚ್‌ಟಿಎಂಎಲ್ ಭಾಷೆಯಲ್ಲಿ ಇದಕ್ಕೆ ಅವಕಾಶ ಹಿಂದಿನಿಂದಲೂ ಇದೆ. ಸಾಮಾನ್ಯ ಮನೆಗೆ ‘ಟಿಡಿ’, ಶೀರ್ಷಿಕೆಯ ಮನೆಗೆ ‘ಟಿಎಚ್’ ಎಂಬ ಗುರುತುಗಳಿವೆ. ಶೀರ್ಷಿಕೆಯು ಕಂಬಸಾಲಿಗೆ ಸೇರಿದ್ದೋ ಅಡ್ಡಸಾಲಿಗೆ ಸೇರಿದ್ದೋ ಎಂಬುದನ್ನು ‘ಸ್ಕೋಪ್’ ಎಂಬ ಗುಣಸೂಚಕ ತಿಳಿಸುತ್ತದೆ. 1997ರ ಎಚ್‌ಟಿಎಂಎಲ್ 4.0 ಆವೃತ್ತಿಯಲ್ಲಿಯೇ ಇದು ಸೇರಿತ್ತು. ‘ಹಳಗನ್ನಡ ಪ್ರತ್ಯಯ’, ‘ಹೊಸಗನ್ನಡ ಪ್ರತ್ಯಯ’ ಎಂಬವನ್ನು ಕಂಬಸಾಲಿನ ಶೀರ್ಷಿಕೆಗಳನ್ನಾಗಿಯೂ ‘ತೃತೀಯಾ’, ‘ಷಷ್ಠೀ’ ಮುಂತಾದವನ್ನು ಅಡ್ಡಸಾಲಿನ ಶೀರ್ಷಿಕೆಗಳನ್ನಾಗಿಯೂ ಗುರುತಿಸಿದರೆ, ಕೆಳಗಿಳಿಯುವಾಗ ‘ಷಷ್ಠೀ, ಅ’ ಎಂದೂ ಪಕ್ಕಕ್ಕೆ ಸರಿಯುವಾಗ ‘ಹೊಸಗನ್ನಡ ಪ್ರತ್ಯಯ, ಅ’ ಎಂದೂ ಕೇಳಲು ಸಾಧ್ಯವಾಗುತ್ತದೆ. ‘ಕ್ಯಾಪ್ಷನ್’ ಗುರುತಿನಿಂದ ಇಡೀ ಕೋಷ್ಟಕಕ್ಕೆ ಹೆಸರು ಕೊಡುವುದೂ ಅಗತ್ಯ.

ಆಖ್ಯಾತ ಪ್ರತ್ಯಯಗಳ ಕೋಷ್ಟಕ ಇನ್ನಷ್ಟು ಜಟಿಲ. ಕಾಲ, ಪುರುಷ, ವಚನ ಮೂರನ್ನೂ ಒಂದೇ ಚೌಕಟ್ಟಿನಲ್ಲಿ ತರಲು ಮನೆಗಳನ್ನು ಕೂಡಿಸಬೇಕಾಗುತ್ತದೆ. ಆಗ ಶೀರ್ಷಿಕೆಗಳ ವ್ಯಾಪ್ತಿ ಅಸ್ಪಷ್ಟವಾಗುತ್ತದೆ. ಇಂತಹ ಕಡೆ ಕಾಲಕ್ಕೊಂದರಂತೆ ಮೂರು ಸರಳ ಕೋಷ್ಟಕಗಳನ್ನು ರಚಿಸುವುದು ಲೇಸು. ಇದರಿಂದ ಎಲ್ಲ ಓದುಗರಿಗೂ ಅನುಕೂಲವೇ ಹೊರತು ನಷ್ಟವಿಲ್ಲ.

3. ಕನ್ನಡದ ವಿಶೇಷ ತೊಡಕುಗಳು

ಮುದ್ರಿತ ಪುಟದ ಚಿತ್ರವನ್ನು ಹಾಗೆಯೇ ಏರಿಸಿದರೆ ಅದರಲ್ಲಿ ಅಡ್ಡಸಾಲೂ ಇಲ್ಲ, ಕಂಬಸಾಲೂ ಇಲ್ಲ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಪಾಠ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥಹೀನ ರೋಮನ್ ಅಕ್ಷರಗಳ ಸಾಲು. ಯೂನಿಕೋಡ್ ಪಠ್ಯದಲ್ಲಿಯೂ ಪುಟದ ಭಾಷೆ ಕನ್ನಡವೆಂದು ‘ಲ್ಯಾಂಗ್’ ಗುಣಸೂಚಕದಿಂದ ಘೋಷಿಸಬೇಕು. ಆಗ ಕನ್ನಡದ ಧ್ವನಿಯನ್ನು ಆಯ್ದುಕೊಳ್ಳಲು ತಂತ್ರಾಂಶಕ್ಕೆ ಆಧಾರ ಸಿಗುತ್ತದೆ.

4. ಉಪಸಂಹಾರ

ಕಣ್ಣಿಗೆ ಕಾಣುವ ಸಂಬಂಧಗಳನ್ನು ಯಂತ್ರವೂ ಗ್ರಹಿಸುವಂತೆ ನಮೂದಿಸಬೇಕೆಂಬುದು 2008ರ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿಯ 1.3.1ನೆಯ ಮಾನದಂಡ. ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವೂ ಮಾಹಿತಿ ಎಲ್ಲರಿಗೂ ಎಟುಕುವ ರೂಪದಲ್ಲಿರಬೇಕೆಂಬ ಆಶಯವನ್ನು ಎತ್ತಿಹಿಡಿದಿದೆ. ಕನ್ನಡ ವ್ಯಾಕರಣಕ್ಕೆ ಶ್ರವಣ ಹೊಸದೇನಲ್ಲ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಸೂತ್ರಗಳನ್ನು ಕಂದಪದ್ಯಗಳಲ್ಲಿ ರಚಿಸಿದ್ದಾನೆ. ಕಿವಿಗೂ ದಕ್ಕುತ್ತಿದ್ದ ಈ ಶಾಸ್ತ್ರ ಜಾಲಪುಟದಲ್ಲಿ ಕಣ್ಣಿಗಷ್ಟೇ ಮೀಸಲಾಗಬೇಕಿಲ್ಲ. ಪಾಠವನ್ನು ಪ್ರಕಟಿಸುವ ಮುನ್ನ ಎನ್‌ವಿಡಿಎಯಂತಹ ಉಚಿತ ತಂತ್ರಾಂಶವನ್ನು ತೆರೆದು, ಪರದೆಯನ್ನು ನೋಡದೆ, ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳೊಡನೆ ಬಾಣದ ಕೀಲಿಯನ್ನು ಒತ್ತುತ್ತ ಕೋಷ್ಟಕದ ನಡುವಿನ ಒಂದು ಮನೆಗೆ ಹೋಗಿ ನಿಲ್ಲಬೇಕು. ಅದು ಯಾವ ವಿಭಕ್ತಿಯ, ಯಾವ ಕಾಲಘಟ್ಟದ ಪ್ರತ್ಯಯವೆಂದು ಕೇಳಿಯೇ ಹೇಳಲಾಗದಿದ್ದರೆ ಆ ಪಾಠವನ್ನು ತಿದ್ದುವ ಕೆಲಸ ಇನ್ನೂ ಉಳಿದಿದೆ ಎಂದೇ ತಿಳಿಯಬೇಕು.