ಗಾಳಿ, ಬಿಸಿಲು ಮತ್ತು ವಿದ್ಯುತ್ತಿನ ಹಗೇವು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು ಹೊಸಪೇಟೆಯೊಡನೆ ಕೂಡಿ 2021ರಲ್ಲಿ ವಿಜಯನಗರ ಜಿಲ್ಲೆಯಾದವು. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಈ ಸೀಮೆಗೆ ಮಳೆ ಅಲ್ಪ. ಆದರೆ ಬಿಸಿಲಿಗೂ ಗಾಳಿಗೂ ಇಲ್ಲಿ ಬಡತನವಿಲ್ಲ. ಆಷಾಢದ ಗಾಳಿಯ ರಭಸವನ್ನು ಈ ಬಯಲಿನವರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಹರಪನಹಳ್ಳಿಯ ಸುತ್ತಣ ದಿಣ್ಣೆಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುವುದನ್ನು ಅಲ್ಲಿಯ ವಿದ್ಯಾರ್ಥಿಗಳು ಕಂಡೇ ಇರುತ್ತಾರೆ. ಹೀಗಿರಲು ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ: ಹೊರಗಿನ ತಂತಿಯ ಹಂಗಿಲ್ಲದೆ, ತನ್ನ ಗಾಳಿ ಬಿಸಿಲುಗಳಿಂದಲೇ ಒಂದು ಊರು ಹಗಲಿರುಳು ದೀಪ ಬೆಳಗಿಸಿಕೊಳ್ಳಬಲ್ಲುದೆ?

ಈ ಪ್ರಶ್ನೆಗೆ ಉತ್ತರವನ್ನು ಮೊದಲು ಹುಡುಕಬೇಕಾಗಿ ಬಂದದ್ದು ಸಮುದ್ರದ ನಡುವಣ ದ್ವೀಪಗಳಲ್ಲಿ.

ದೊಡ್ಡ ಜಾಲ, ಸಣ್ಣ ಜಾಲ

ನಮ್ಮ ಮನೆಗೆ ಬರುವ ವಿದ್ಯುತ್ತು ಒಂದು ಮಹಾಜಾಲದಿಂದ ಬರುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರದ ನಡುವಣ 765 ಕಿಲೋವೋಲ್ಟ್ ತಂತಿಯ ಮೂಲಕ ದಕ್ಷಿಣ ಭಾರತದ ಜಾಲವು ಉಳಿದ ದೇಶದ ಜಾಲದೊಡನೆ ಒಂದೇ ಲಯದಲ್ಲಿ ಕೂಡಿಕೊಂಡಿತು. ಅದಕ್ಕೆ ಹಿಂದೆ ದಕ್ಷಿಣದ ಜಾಲ ಒಂದು ಬಗೆಯ ದ್ವೀಪವೇ ಆಗಿದ್ದಿತು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತವು ಕತ್ತಲೆಯಲ್ಲಿ ಮುಳುಗಿದಾಗ ದಕ್ಷಿಣದಲ್ಲಿ ದೀಪಗಳು ಉರಿಯುತ್ತಲೇ ಇದ್ದುದಕ್ಕೆ ಈ ಪ್ರತ್ಯೇಕತೆಯೂ ಒಂದು ಕಾರಣ.

ಜಾಲದಲ್ಲಿ ಉತ್ಪತ್ತಿಯೂ ಬಳಕೆಯೂ ಪ್ರತಿಕ್ಷಣ ಸಮತೂಕದಲ್ಲಿರಬೇಕು. ಈ ಸಮತೂಕದ ಮುಳ್ಳೆಂದರೆ ಆವರ್ತನ ಸಂಖ್ಯೆ. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ 50. ಬಳಕೆ ಹೆಚ್ಚಿದರೆ ಮುಳ್ಳು ಇಳಿಯುತ್ತದೆ, ಉತ್ಪತ್ತಿ ಹೆಚ್ಚಿದರೆ ಏರುತ್ತದೆ. ದೊಡ್ಡ ಜಾಲದಲ್ಲಿ ನೂರಾರು ಭಾರವಾದ ಟರ್ಬೈನುಗಳು ಒಟ್ಟಾಗಿ ತಿರುಗುತ್ತಿರುತ್ತವೆ. ಬೀಸುವ ಕಲ್ಲಿನಿಂದ ಕೈ ತೆಗೆದರೂ ಅದು ಕ್ಷಣಕಾಲ ತಿರುಗುತ್ತಿರುವಂತೆ, ಈ ಚಕ್ರಗಳ ಜಡತ್ವವು ಸಣ್ಣಪುಟ್ಟ ಏರುಪೇರುಗಳನ್ನು ನುಂಗಿಕೊಳ್ಳುತ್ತದೆ. ದ್ವೀಪದ ಜಾಲಕ್ಕೆ ಈ ಬಲವಿಲ್ಲ. ಒಂದು ಮೋಡ ಸೌರಫಲಕಗಳ ಮೇಲೆ ಹಾದುಹೋದರೆ ಸಾಕು, ಅಲ್ಲಿ ಮುಳ್ಳು ತೊನೆದಾಡುತ್ತದೆ.

ಎರಡು ದ್ವೀಪಗಳ ಪಾಠ

ನಮ್ಮ ಕರಾವಳಿಯ ಆಚೆಗಿರುವ ಲಕ್ಷದ್ವೀಪವನ್ನು ತೆಗೆದುಕೊಳ್ಳೋಣ. ಇದರ ಅಮಿನಿ, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಇಲ್ಲಿಯ ದ್ವೀಪಗಳು ಬಹುಕಾಲ ಹಡಗಿನಲ್ಲಿ ಬರುವ ಡೀಸೆಲ್ ಎಣ್ಣೆಯನ್ನೇ ನಂಬಿ ವಿದ್ಯುತ್ತು ತಯಾರಿಸಿದವು. ರಾಜಧಾನಿಯಾದ ಕವರತ್ತಿಯಲ್ಲಿ ಸುಮಾರು 1.7 ಮೆಗಾವಾಟ್‌ನ ಸೌರಸ್ಥಾವರವೂ 1.4 ಮೆಗಾವಾಟ್-ಗಂಟೆಯ ಬ್ಯಾಟರಿಯೂ ಸ್ಥಾಪಿತವಾಗಿ, 2024ರ ಜನವರಿಯಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದವು. ಶಾಂತಸಾಗರದ ಅಮೆರಿಕನ್ ಸಮೋವಾದಲ್ಲಿರುವ ತಾಊ ಎಂಬ ಪುಟ್ಟ ದ್ವೀಪದಲ್ಲಿ 2016ರಲ್ಲಿ 1.4 ಮೆಗಾವಾಟ್‌ನ ಫಲಕಗಳಿಗೆ 6 ಮೆಗಾವಾಟ್-ಗಂಟೆಯ ಬ್ಯಾಟರಿಯನ್ನು ಜೋಡಿಸಲಾಯಿತು.

ಫಲಕಗಳ ಬಲ ಎರಡೂ ಕಡೆ ಹೆಚ್ಚುಕಡಮೆ ಒಂದೇ. ಬ್ಯಾಟರಿ ಮಾತ್ರ ತಾಊವಿನಲ್ಲಿ ನಾಲ್ಕುಪಟ್ಟು. ಕವರತ್ತಿಯ ಬ್ಯಾಟರಿಯನ್ನು ತುಂಬಲು ಅಲ್ಲಿಯ ಫಲಕಗಳ ಪೂರ್ಣ ಉತ್ಪತ್ತಿ ಐವತ್ತು ನಿಮಿಷ ಸಾಕು; ತಾಊವಿನಲ್ಲಿ ನಾಲ್ಕು ಗಂಟೆಗೂ ಹೆಚ್ಚು ಬೇಕು. ಇದರಿಂದ ಬ್ಯಾಟರಿಗೆ ಎರಡು ಬೇರೆ ಬೇರೆ ಕೆಲಸಗಳುಂಟೆಂದು ತಿಳಿಯುತ್ತದೆ. ಮೊದಲನೆಯದು, ಮೋಡ ಗಾಳಿಗಳ ಏರಿಳಿತವನ್ನು ಸೆಕೆಂಡಿನ ಅಲ್ಪಾಂಶದಲ್ಲಿಯೇ ಸರಿದೂಗಿಸುವುದು. ಇದಕ್ಕೆ ಸಣ್ಣ ಬ್ಯಾಟರಿ ಸಾಕು. ಎರಡನೆಯದು, ಹಗಲಿನ ಬೆಳೆಯನ್ನು ಇರುಳಿಗೆ ಕೂಡಿಡುವುದು. ಇದಕ್ಕೆ ದೊಡ್ಡ ಬ್ಯಾಟರಿಯೇ ಬೇಕು.

“ಗಾಳಿ ಬಂದಾಗ ತೂರಿಕೋ” ಎಂಬ ಗಾದೆಯನ್ನು ನಮ್ಮ ರೈತರು ಬಲ್ಲರು. ತೂರಿದ ಧಾನ್ಯವನ್ನು ಅಂದೇ ಉಂಡು ಮುಗಿಸುವವರಿಲ್ಲ. ಹಿಂದೆ ಅದನ್ನು ನೆಲದೊಳಗಣ ಹಗೇವಿನಲ್ಲಿ ಇಳಿಸಿಡುತ್ತಿದ್ದರು. ಬ್ಯಾಟರಿಯು ವಿದ್ಯುತ್ತಿನ ಹಗೇವು. ಆದರೆ ಅದರಲ್ಲಿ ಇರುವುದು ವಿದ್ಯುತ್ತಲ್ಲ, ರಾಸಾಯನಿಕ ಶಕ್ತಿ. ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ನಿರ್ಮಿಸಿದ ಸೀಸ-ಆಮ್ಲ ಕೋಶದಲ್ಲಿಯೂ, ಇಂದಿನ ಲಿಥಿಯಂ ಅಯಾನ್ ಕೋಶದಲ್ಲಿಯೂ ತತ್ತ್ವ ಇದೇ. ತುಂಬುವಾಗಲೂ ತೆಗೆಯುವಾಗಲೂ ಸ್ವಲ್ಪಾಂಶ ಶಾಖವಾಗಿ ನಷ್ಟವಾಗುತ್ತದೆ.

ಒಂದು ಊರಿನ ಲೆಕ್ಕ

ಕೂಡ್ಲಿಗಿಯ ಕಡೆಯ ನೂರು ಮನೆಗಳ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳೋಣ. ಮನೆಗೆ ದಿನಕ್ಕೆ 2 ಯೂನಿಟ್‌ನಂತೆ ಒಟ್ಟು ಬಳಕೆ 200 ಯೂನಿಟ್. ಅದರಲ್ಲಿ 120 ಯೂನಿಟ್ ಸೂರ್ಯಾಸ್ತದ ಬಳಿಕ ಬೇಕೆನ್ನೋಣ. ಬ್ಯಾಟರಿಯಿಂದ ಮನೆಗೆ ಬರುವಾಗ ನೂರಕ್ಕೆ 10 ಭಾಗ ನಷ್ಟವಾದರೆ ಕೋಶಗಳಿಂದ ಸುಮಾರು 133 ಯೂನಿಟ್ ತೆಗೆಯಬೇಕು. ಕೋಶಗಳನ್ನು ಪೂರ್ತಿ ಬರಿದು ಮಾಡಿದರೆ ಅವುಗಳ ಆಯುಸ್ಸು ಕುಗ್ಗುವುದರಿಂದ ನೂರಕ್ಕೆ 80 ಭಾಗವನ್ನು ಮಾತ್ರ ಬಳಸತಕ್ಕದ್ದು. ಆದುದರಿಂದ ಬ್ಯಾಟರಿಯ ಗಾತ್ರ ಸುಮಾರು 167 ಯೂನಿಟ್ ಆಗಬೇಕು. ತುಂಬುವಾಗಿನ ನಷ್ಟವನ್ನೂ ಸೇರಿಸಿದರೆ ದಿನದ ಉತ್ಪತ್ತಿ ಸುಮಾರು 225 ಯೂನಿಟ್ ಬೇಕು. ಒಂದು ಕಿಲೋವಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುವುದೆಂದು ಹಿಡಿದರೆ 56 ಕಿಲೋವಾಟ್ ಫಲಕಗಳು ಸಾಕಾಗುತ್ತವೆ.

ಇಷ್ಟು ಸುಲಭವೆ ಎಂದು ವಾಚಕರು ಕೇಳಬಹುದು. ತೊಡಕು ಇರುವುದು ಸರಾಸರಿ ಎಂಬ ಮಾತಿನಲ್ಲಿ. ಮೂರು ದಿನ ಮುಗಿಲು ಕವಿದರೆ ಒಂದಿರುಳಿಗೆ ಅಳೆದ ಬ್ಯಾಟರಿ ಏತಕ್ಕೂ ಸಾಲದು. ಮೂರು ದಿನಕ್ಕೆ ಸಾಲುವಷ್ಟು ಬ್ಯಾಟರಿ ಕೊಂಡರೆ ವರ್ಷದ ಬಹುಭಾಗ ಅದು ಸುಮ್ಮನೆ ಬಿದ್ದಿರುತ್ತದೆ.

ಇಲ್ಲಿ ಪ್ರಕೃತಿಯೇ ಸ್ವಲ್ಪ ನೆರವಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದು ಬಿಸಿಲು ಕುಗ್ಗಿದಾಗಲೇ ನೈಋತ್ಯದ ಗಾಳಿ ಬಲವಾಗಿ ಬೀಸುತ್ತದೆ. ಗಾಳಿಯ ಶಕ್ತಿಯು ವೇಗದ ಘನಕ್ಕೆ ಅನುಗುಣವಾದುದು. ವೇಗ ಇಮ್ಮಡಿಯಾದರೆ ಶಕ್ತಿ ಎಂಟುಮಡಿ. ಬೇಸಗೆಯಲ್ಲಾದರೋ ಗಾಳಿ ಸೋತರೂ ಬಿಸಿಲು ಕೈಬಿಡುವುದಿಲ್ಲ. ಎರಡನ್ನೂ ಜೊತೆಗೂಡಿಸಿದರೆ ಬ್ಯಾಟರಿಯ ಹೊರೆ ಇಳಿಯುತ್ತದೆ.

ನೀರೂ ಒಂದು ಸಂಚಯಕ

ಸ್ಪೇನಿಗೆ ಸೇರಿದ ಎಲ್ ಹಿಯೆರ್ರೊ ದ್ವೀಪದಲ್ಲಿ 2014ರಲ್ಲಿ ಆರಂಭವಾದ ಸ್ಥಾವರವು ಹೆಚ್ಚಿನ ಗಾಳಿಯ ಶಕ್ತಿಯಿಂದ ನೀರನ್ನು ಹಳೆಯ ಜ್ವಾಲಾಮುಖಿಯ ಬಾಯಿಯಲ್ಲಿರುವ ಜಲಾಶಯಕ್ಕೆ ಏರಿಸಿ, ಗಾಳಿ ನಿಂತಾಗ ಅದನ್ನು ಟರ್ಬೈನಿನ ಮೇಲೆ ಇಳಿಸುತ್ತದೆ. 2019ರಲ್ಲಿ ಆ ದ್ವೀಪವು ಎಡೆಬಿಡದೆ 24 ದಿನಗಳನ್ನು ಡೀಸೆಲ್ ಇಲ್ಲದೆ ಕಳೆಯಿತು.

ನಮ್ಮ ರೈತನಿಗೆ ಇದಕ್ಕಿಂತ ಸರಳವಾದ ದಾರಿಯುಂಟು. ನೂರು ಮೀಟರ್ ಆಳದಿಂದ 20,000 ಲೀಟರ್ ನೀರೆತ್ತಲು, ಪಂಪಿನ ದಕ್ಷತೆ ಅರ್ಧವೆಂದುಕೊಂಡರೆ, ಸುಮಾರು 11 ಯೂನಿಟ್ ಬೇಕು. ಈ ಕೆಲಸವನ್ನು ಹಗಲಿನಲ್ಲಿಯೇ ಮಾಡಿ ನೀರನ್ನು ಕೃಷಿಹೊಂಡದಲ್ಲಿ ನಿಲ್ಲಿಸಿದರೆ ಬ್ಯಾಟರಿಯೇ ಬೇಡ. ಇರುಳಿನಲ್ಲಿ ಹಾವು ಚೇಳುಗಳ ಭಯದಲ್ಲಿ ಹೊಲಕ್ಕೆ ಹೋಗಬೇಕಾದ ಕಷ್ಟವೂ ತಪ್ಪುತ್ತದೆ. ಆದರೆ ಬಿಸಿಲು ಪುಕ್ಕಟೆಯೆಂದು ಪಂಪನ್ನು ನಿಲ್ಲಿಸದೆ ಓಡಿಸಿದರೆ ಅಂತರ್ಜಲ ಇನ್ನೂ ಪಾತಾಳಕ್ಕಿಳಿಯುತ್ತದೆ. ಬಿಸಿಲು ನಾಳೆಯೂ ಬರುತ್ತದೆ. ಬತ್ತಿದ ಕೊಳವೆಬಾವಿಗೆ ನೀರು ಹಾಗೆ ಬಾರದು.

ಹಾಗಾದರೆ ಈ ತಾಲ್ಲೂಕುಗಳು ಮಹಾಜಾಲದಿಂದ ಬೇರೆಯಾಗಬೇಕೆ? ಬೇಕಾಗಿಲ್ಲ. ಇಲ್ಲಿ ಹೆಚ್ಚಾದುದನ್ನು ಕೊಂಡೊಯ್ದು, ಕಡಮೆಯಾದಾಗ ತಂದುಕೊಡುವ ಜಾಲವು ದ್ವೀಪವಾಸಿಗಳಿಗೆ ದೊರೆಯದ ಭಾಗ್ಯ. ಆದರೆ ಬಿರುಗಾಳಿಗೆ ಕಂಬ ಉರುಳಿದ ದಿನ ಕೆಲವು ಗಂಟೆಗಳಾದರೂ ದ್ವೀಪದಂತೆ ಸ್ವತಂತ್ರವಾಗಿ ನಡೆಯುವ ಶಕ್ತಿ ಹಳ್ಳಿಗೆ ಇರಬೇಕು. ಆರೋಗ್ಯ ಕೇಂದ್ರದ ಲಸಿಕೆಯ ಪೆಟ್ಟಿಗೆ ತಣ್ಣಗಿರುವುದೂ, ಹೆರಿಗೆಯ ಕೋಣೆಯ ದೀಪ ಆರದಿರುವುದೂ ಇದನ್ನು ಅವಲಂಬಿಸಿವೆ.

ಅಭ್ಯಾಸ

ನಿಮ್ಮ ಮನೆಯ ಮೀಟರನ್ನು ಒಂದು ವಾರ ಬೆಳಗ್ಗೆ ಆರಕ್ಕೂ ಸಂಜೆ ಆರಕ್ಕೂ ನೋಡಿ ಬರೆದಿಡಿ. ಇರುಳಿನ ಬಳಕೆ ಎಷ್ಟೆಂದು ಕಂಡುಕೊಂಡು, ಮೇಲಿನ ಕ್ರಮದಂತೆ ನಿಮ್ಮ ಮನೆಗೆ ಬೇಕಾದ ಬ್ಯಾಟರಿಯನ್ನೂ ಫಲಕಗಳನ್ನೂ ಲೆಕ್ಕಹಾಕಿರಿ. ಬಳಿಕ ಇರುಳಿನ ಯಾವ ಕೆಲಸವನ್ನು ಹಗಲಿಗೆ ವರ್ಗಾಯಿಸಬಹುದೆಂದು ಯೋಚಿಸಿ, ಲೆಕ್ಕವನ್ನು ಇನ್ನೊಮ್ಮೆ ಮಾಡಿರಿ. ಎರಡು ಉತ್ತರಗಳ ನಡುವಣ ಅಂತರವು ಒಂದು ಪೈಸೆಯ ಖರ್ಚಿಲ್ಲದೆ ನಿಮಗೆ ದೊರೆತ ಬ್ಯಾಟರಿ.