ಜಾಕ್ ಲಂಡನ್: ಬದುಕು ಮತ್ತು ಕೃತಿಗಳು

ಜನನ: 12 ಜನವರಿ 1876, ಸ್ಯಾನ್ ಫ್ರಾನ್ಸಿಸ್ಕೊ. ಮರಣ: 22 ನವೆಂಬರ್ 1916, ಗ್ಲೆನ್ ಎಲೆನ್, ಕ್ಯಾಲಿಫೋರ್ನಿಯಾ.

ಬಡತನದಲ್ಲಿ ಬೆಳೆದ ಲಂಡನ್ ಹದಿಹರೆಯದಲ್ಲೇ ಕಾರ್ಖಾನೆಯಲ್ಲಿ ದುಡಿದರು, ಕೊಲ್ಲಿಯಲ್ಲಿ ಸಿಂಪಿ ಕದ್ದು ಮಾರಿದರು, 1893ರಲ್ಲಿ ಸೀಲ್ ಬೇಟೆಯ ಹಡಗು ಹತ್ತಿದರು. 1897ರಲ್ಲಿ ಚಿನ್ನ ಅರಸಿ ಕೆನಡಾದ ಕ್ಲಾಂಡೈಕ್‌ಗೆ ಹೋದರು. ಚಿನ್ನ ದಕ್ಕಲಿಲ್ಲ, ಸ್ಕರ್ವಿ ರೋಗ ಬಂತು. ಕಥೆಗಳಿಗೆ ಮಾತ್ರ ಬರವಿರಲಿಲ್ಲ.

ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಈ ಎರಡು ಕಾದಂಬರಿಗಳ ವಿಷಯದಲ್ಲಿ: 'ದಿ ಕಾಲ್ ಆಫ್ ದಿ ವೈಲ್ಡ್' (1903) ಬಕ್ ಎಂಬ ಸಾಕುನಾಯಿ ಕಾಡಿನ ಪಾಲಾಗುವ ಕಥೆ. 'ವೈಟ್ ಫ್ಯಾಂಗ್' (1906) ಅದಕ್ಕೆ ತದ್ವಿರುದ್ಧ. ಕಾಡಿನಲ್ಲಿ ಹುಟ್ಟಿದ ತೋಳನಾಯಿ ಮನುಷ್ಯನಿಗೆ ಒಗ್ಗುತ್ತದೆ. ಮೊದಲನೆಯದರ ಹಕ್ಕನ್ನು ಅವರು ಕೇವಲ 2,000 ಡಾಲರ್‌ಗೆ ಮ್ಯಾಕ್‌ಮಿಲನ್ ಪ್ರಕಾಶನಕ್ಕೆ ಮಾರಿದ್ದರು. ನಷ್ಟದ ವ್ಯಾಪಾರವೇ ಸರಿ, ಹೆಸರು ತಂದದ್ದು ಮಾತ್ರ ಅದೇ.

ಇತರ ಕೃತಿಗಳು: 'ದಿ ಸೀ-ವುಲ್ಫ್' (1904), 'ದಿ ಐರನ್ ಹೀಲ್' (1908), ಆತ್ಮಕಥನದ ಛಾಯೆಯ 'ಮಾರ್ಟಿನ್ ಈಡನ್' (1909). 'ದಿ ಪೀಪಲ್ ಆಫ್ ದಿ ಅಬಿಸ್' (1903) ಕಾದಂಬರಿಯಲ್ಲ, ಲಂಡನ್ ನಗರದ ಈಸ್ಟ್ ಎಂಡ್ ಬಡವರ ನಡುವೆ ಇದ್ದು ಬರೆದದ್ದು.

1904ರಲ್ಲಿ ರಷ್ಯಾ-ಜಪಾನ್ ಯುದ್ಧದ ವರದಿಗಾರ. 1907ರಲ್ಲಿ 'ಸ್ನಾರ್ಕ್' ಎಂಬ ಸ್ವಂತ ಹಾಯಿದೋಣಿಯಲ್ಲಿ ವಿಶ್ವಪರ್ಯಟನೆಗೆ ಹೊರಟರಾದರೂ ಅನಾರೋಗ್ಯದಿಂದ ಅರ್ಧಕ್ಕೇ ಕೈಬಿಟ್ಟರು.