ಕಚೇರಿ ಗಣಕಯಂತ್ರಗಳಿಗೆ ನೆಟ್‌ವರ್ಕ್ ಮೂಲಕ ಕಾರ್ಯಾಚರಣಾ ವ್ಯವಸ್ಥೆಯ ಅಳವಡಿಕೆ: ಸದಸ್ಯರ ಅವಗಾಹನೆಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿರುತ್ತದೆ. ಆದಕಾರಣ ಹಳೆಯ ವ್ಯವಸ್ಥೆಯನ್ನು ಬದಲಿಸುವ ಕಾರ್ಯವು ಅನೇಕ ಕಚೇರಿಗಳ ಮುಂದಿದೆ.

ಒಂದೇ ಕಟ್ಟಡದಲ್ಲಿ ಹಲವು ಗಣಕಯಂತ್ರಗಳಿದ್ದಲ್ಲಿ ಪ್ರತಿಯೊಂದಕ್ಕೂ ಪೆನ್‌ಡ್ರೈವ್ ಜೋಡಿಸಬೇಕಾಗಿಲ್ಲ. ಪಿಎಕ್ಸ್‌ಇ ಎಂಬ ವಿಧಾನದಲ್ಲಿ ಯಂತ್ರವು ಚಾಲನೆಗೊಂಡೊಡನೆ ತನ್ನ ಡಿಸ್ಕಿನ ಬದಲು ನೆಟ್‌ವರ್ಕ್ ಕೇಬಲ್ ಮೂಲಕ ಸರ್ವರನ್ನು ಅರಸುತ್ತದೆ. ಡಿಎಚ್‌ಸಿಪಿ ಸೇವೆಯು ಅದಕ್ಕೊಂದು ವಿಳಾಸ ನೀಡುತ್ತದೆ. ಮೊದಲು ಸಣ್ಣ ಆರಂಭಿಕ ಕಡತ, ಅನಂತರ ಮುಂಚಿತವಾಗಿ ಸಿದ್ಧಪಡಿಸಿದ ಇಮೇಜ್ ಡಿಸ್ಕಿಗೆ ಇಳಿಯುತ್ತದೆ. ಈ ಇಮೇಜ್ ಹಲವು ಗಿಗಾಬೈಟ್‌ಗಳಷ್ಟಿರುವುದರಿಂದ, ಒಂದು ಕಚೇರಿಯೊಳಗೆ ಸುಲಭವಾದ ಈ ವಿಧಾನವು ದುರ್ಬಲ ಇಂಟರ್‌ನೆಟ್ ಸಂಪರ್ಕವುಳ್ಳ ದೂರದ ಗ್ರಾಮ ಪಂಚಾಯಿತಿಗೆ ಒಗ್ಗದು. ಅಲ್ಲಿಗೆ ತಂತ್ರಜ್ಞರೇ ಬರುವುದು ಲೇಸು.

ಸದಸ್ಯರು ಮುಖ್ಯವಾಗಿ ಗಮನಿಸಬೇಕಾದುದು ಬೇರೆಯೇ ಇದೆ. ಹೊಸ ಇಮೇಜ್ ಇಳಿಸುವಾಗ ಸಾಮಾನ್ಯವಾಗಿ ಡಿಸ್ಕಿನಲ್ಲಿದ್ದುದೆಲ್ಲವೂ ಅಳಿಸಿಹೋಗುತ್ತದೆ. ಪಂಚತಂತ್ರ ಹಾಗೂ ಇ-ಸ್ವತ್ತು ತಂತ್ರಾಂಶಗಳ ದತ್ತಾಂಶವು ಸರ್ವರಿನಲ್ಲಿರುವುದರಿಂದ ಅದಕ್ಕೆ ಧಕ್ಕೆಯಿಲ್ಲ. ಆದರೆ ನುಡಿಯಲ್ಲಿ ಬೆರಳಚ್ಚು ಮಾಡಿ ಡೆಸ್ಕ್‌ಟಾಪಿನಲ್ಲೇ ಉಳಿಸಿದ ಸಭಾ ನಡವಳಿ, ಗ್ರಾಮಸಭೆಯಲ್ಲಿ ಆಯ್ಕೆಯಾದ ಫಲಾನುಭವಿಗಳ ಪಟ್ಟಿ ಮುಂತಾದವು ಮರಳಿ ದೊರೆಯುವ ಭರವಸೆಯಿಲ್ಲ. ಅವುಗಳನ್ನು ಬಾಹ್ಯ ಹಾರ್ಡ್‌ಡಿಸ್ಕಿಗೆ ನಕಲಿಸಿ, ಒಂದೆರಡು ಕಡತಗಳನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿದ ಬಳಿಕವೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯು ಒಪ್ಪಿಗೆ ನೀಡುವುದು ಸೂಕ್ತ.

ನುಡಿ ಅಕ್ಷರಶೈಲಿಗಳು ಇಮೇಜಿನಲ್ಲಿ ಸೇರಿರದಿದ್ದಲ್ಲಿ ಯೂನಿಕೋಡ್‌ಪೂರ್ವದ ಹಳೆಯ ನಡವಳಿಗಳು ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ. ಕಡತ ಕೆಟ್ಟಿತೆಂದು ಭಾವಿಸಿ ಅಳಿಸಬಾರದು. ಡಿಜಿಟಲ್ ಸಹಿಯ ಟೋಕನ್‌ಗೂ ಅದರದೇ ಡ್ರೈವರ್ ಬೇಕು. ಅದಿಲ್ಲದಿದ್ದರೆ ನಮೂನೆ 9ಕ್ಕಾಗಿ ಬಂದ ಗ್ರಾಮಸ್ಥರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.